ಎಲ್ಲ ಸದಸ್ಯರಿಗೂ ಓದಲು ಬರುವ ಜಾಲತಾಣ



ಕಳೆದ ಹಂಗಾಮಿನಲ್ಲಿ ನಡೆದ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇವೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಆದರೂ ಮೊಬೈಲನ್ನು ಸಲೀಸಾಗಿ ಬಳಸುತ್ತಾರೆ. ಪರದೆಯ ಮೇಲಿನ ಬರಹವನ್ನು ಮೊಬೈಲೇ ಗಟ್ಟಿಯಾಗಿ ಓದಿ ಹೇಳುತ್ತದೆ. ಬ್ಯಾಂಕಿನ ಸಂದೇಶ, ದಿನದ ವಾರ್ತೆ, ಮಗಳು ಬರೆದದ್ದು ಎಲ್ಲವನ್ನೂ ಹಾಗೆಯೇ ಕೇಳುತ್ತಾರೆ. ನಮ್ಮ ಸಂಘದ ಜಾಲತಾಣದಲ್ಲಿ ಅಡಿಕೆ ಧಾರಣೆಯ ಪುಟಕ್ಕೆ ಬಂದಾಗ ಮಾತ್ರ ಅದು "ಚಿತ್ರ" ಎಂದು ಹೇಳಿ ಸುಮ್ಮನಾಗುತ್ತಿತ್ತು. ಕಾರಣ ಇಷ್ಟೇ: ನಾವು ದರಪಟ್ಟಿಯನ್ನು ಕಾಗದದ ಮೇಲೆ ಬರೆದು, ಅದರ ಫೋಟೋ ತೆಗೆದು ಹಾಕುತ್ತಿದ್ದೆವು. ಅವರು ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ದರವನ್ನೇ ನಂಬಿ ಆರು ಕ್ವಿಂಟಲ್ ರಾಶಿ ಅಡಿಕೆ ಕೊಟ್ಟುಬಿಟ್ಟರು. ಆ ದಿನ ಸಂಘದ ದರ ಅದಕ್ಕಿಂತ ಹೆಚ್ಚಿತ್ತು. ವಾರ್ಷಿಕ ಸಭೆಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ನಾನೂ ಷೇರು ಕಟ್ಟಿದವನಲ್ಲವೇ?"

ತಪ್ಪು ನಮ್ಮದು. ಓದಲು ಬಾರದಂತೆ ಹಾಕಿದ ಪ್ರಕಟಣೆ ಹಾಕದೆ ಇದ್ದಂತೆಯೇ ಸರಿ. ಆದಕಾರಣ ಈ ವಿಷಯವನ್ನು ನಾವು ಕಲಿಯಬೇಕಾಯಿತು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ತೋಟದ ಉತ್ಪನ್ನ ಮಾರಲು ಅಥವಾ ಹೋಂಸ್ಟೇ ನಡೆಸಲು ಸ್ವಂತ ಜಾಲತಾಣ ಮಾಡಿಸಿಕೊಂಡ ಸದಸ್ಯರಿಗೂ ಇದು ಉಪಯೋಗವಾದೀತು.

ಇದು ಯಾರಿಗಾಗಿ?

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಊರುಗಳನ್ನೇ ನೋಡೋಣ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರಿದ್ದಾರೆ, ಅಂಥವರಲ್ಲಿ ಕೆಲವರಿಗೆ ಕೈಬೆರಳು ಸ್ವಾಧೀನದಲ್ಲಿಲ್ಲ. ವಯಸ್ಸಾಗಿ ಕೈ ನಡುಗುವವರಿದ್ದಾರೆ. ಕಿವಿ ಕೇಳದವರಿಗೆ ಬರಹವಿಲ್ಲದ ವಿಡಿಯೋದಿಂದ ಪ್ರಯೋಜನವಿಲ್ಲ. ಕೆಂಪು ಹಸಿರಿನ ಭೇದ ತಿಳಿಯದ ಗಂಡಸರು ನಾವು ಎಣಿಸಿದ್ದಕ್ಕಿಂತ ಹೆಚ್ಚು. ದರ ಏರಿದ್ದಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು ಎಂದು ಬರೀ ಬಣ್ಣದಲ್ಲಿ ತೋರಿಸಿದರೆ ಅವರಿಗೆ ಎರಡೂ ಒಂದೇ.

ಓದುವ ತಂತ್ರಾಂಶದ ಕೆಲಸ

ಪರದೆಯನ್ನು ಓದಿ ಹೇಳುವ ತಂತ್ರಾಂಶ ದುಬಾರಿಯದೇನೂ ಅಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಹೆಸರಿನಲ್ಲಿ ಅದು ಮೊದಲೇ ಇರುತ್ತದೆ. ಕಂಪ್ಯೂಟರಿಗೆ ಎನ್.ವಿ.ಡಿ.ಎ. ಎಂಬುದು ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕರು 2006ರಲ್ಲಿ ಅದನ್ನು ಆರಂಭಿಸಿದರು. ಕನ್ನಡವನ್ನೂ ಅದು ಓದುತ್ತದೆ.

ಆದರೆ ಅದು ಓದುವುದು ಅಕ್ಷರವನ್ನು, ಅಕ್ಷರದ ಚಿತ್ರವನ್ನಲ್ಲ. ಕನ್ನಡದವರಾದ ನಾವು ಇಲ್ಲಿ ಮತ್ತೊಂದು ವಿಷಯ ಗಮನಿಸತಕ್ಕದ್ದು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿರುತ್ತಾರೆ. ಅದನ್ನು ಓದಿಸಿದರೆ ಅರ್ಥವಿಲ್ಲದ ಸದ್ದು ಬರುತ್ತದೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಈ ತೊಂದರೆಯಿಲ್ಲ. ಇದರ ಜೊತೆಗೆ, ಪುಟದ ಭಾಷೆ ಕನ್ನಡವೆಂದು ಪುಟದ ಒಳಬರಹದಲ್ಲಿ ಗುರುತು ಹಾಕಿರಬೇಕು. ಇಲ್ಲವಾದರೆ ತಂತ್ರಾಂಶ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸಬಹುದು.

ದರಪಟ್ಟಿಯ ಕೋಷ್ಟಕದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಮೇಲಿನ ಸಾಲು ತಲೆಬರಹವೆಂದು ಗುರುತಿಸದೆ ಹೋದರೆ ಕೇಳುವವರಿಗೆ ಬರೀ ಅಂಕಿಗಳು ಒಂದರ ಹಿಂದೆ ಒಂದು ಬರುತ್ತವೆ. ಯಾವುದು ರಾಶಿ, ಯಾವುದು ಬೆಟ್ಟೆ, ಯಾವುದು ಗೊರಬಲು ಎಂದು ತಿಳಿಯುವುದಿಲ್ಲ. ಗುರುತಿಸಿದ್ದರೆ ಪ್ರತಿ ಅಂಕಿಯ ಜೊತೆಗೆ ಅದರ ಹೆಸರನ್ನೂ ಹೇಳುತ್ತದೆ.

ಕಾನೂನು ಏನು ಹೇಳುತ್ತದೆ?

ಇದು ದಯೆಯ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. 1995ರ ಹಳೆಯ ಕಾಯಿದೆಯ ಜಾಗಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದು, 2017ರ ಏಪ್ರಿಲ್ 19ರಂದು ಜಾರಿಯಾಯಿತು. ಸೇವೆ ಒದಗಿಸುವವರು ಸರ್ಕಾರದವರಿರಲಿ ಖಾಸಗಿಯವರಿರಲಿ, ನಿಯಮಗಳಂತೆ ವಿಕಲಚೇತನರಿಗೂ ಎಟಕುವ ಹಾಗೆ ಒದಗಿಸಬೇಕೆಂದು ಅದರ 46ನೆಯ ಕಲಮು ವಿಧಿಸುತ್ತದೆ. ನಮ್ಮಂಥ ಸಂಘಕ್ಕೆ ಇದು ಅನ್ವಯಿಸದು ಎಂದು ಕೆಲವರು ತಿಳಿದಿದ್ದರು. ಆದರೆ "ಖಾಸಗಿ ಸಂಸ್ಥೆ" ಎಂಬುದಕ್ಕೆ ಕಾಯಿದೆ ಕೊಟ್ಟ ಅರ್ಥವಿವರಣೆಯಲ್ಲಿ ಕಂಪನಿ, ಟ್ರಸ್ಟ್‌ಗಳ ಜೊತೆಗೆ ಸಹಕಾರ ಸಂಘದ ಹೆಸರೂ ಸ್ಪಷ್ಟವಾಗಿ ಇದೆ. 2016ರ ಕಾಯಿದೆಯಲ್ಲಿ ಗೊತ್ತುಪಡಿಸಿದ ದಂಡ ಮೊದಲ ಸಲಕ್ಕೆ 10,000 ರೂಪಾಯಿಯವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ.

ಜಾಲತಾಣ ಹೇಗಿರಬೇಕೆಂಬುದಕ್ಕೆ ಐ.ಎಸ್. 17802 ಎಂಬ ಭಾರತೀಯ ಮಾನಕವಿದೆ. 2023ರ ಮೇ ತಿಂಗಳಲ್ಲಿ ಅದನ್ನು ನಿಯಮಗಳೊಳಗೆ ಸೇರಿಸಲಾಯಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ, ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ಅಂಶಗಳನ್ನು ಬೇರೆಯಾಗಿ ವಿಧಿಸಬೇಕು ಎಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಆಸಿಡ್ ದಾಳಿಗೆ ತುತ್ತಾದವರು ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದೆ ಹಿಂತಿರುಗಬೇಕಾಗಿತ್ತು. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು.

ಮಾಡಬೇಕಾದ ಕೆಲಸಗಳು

ಜಾಲತಾಣ ಮಾಡಿಕೊಡುವವರೊಡನೆ ಕರಾರು ಬರೆಯುವಾಗಲೇ ಈ ಕೆಳಗಿನವುಗಳನ್ನು ಸೇರಿಸತಕ್ಕದ್ದು.

1. ದರ, ಸುತ್ತೋಲೆ, ಸಭೆಯ ನೋಟೀಸು ಎಲ್ಲವೂ ಯೂನಿಕೋಡ್ ಬರಹದಲ್ಲಿರಬೇಕು. ಸ್ಕ್ಯಾನ್ ಮಾಡಿದ ಪ್ರತಿಯನ್ನು ಹಾಕಲೇಬೇಕಾದರೆ ಅದರ ಪಕ್ಕದಲ್ಲಿ ಬರಹವೂ ಇರಲಿ.

2. ಪ್ರತಿ ಚಿತ್ರಕ್ಕೆ ವಿವರಣೆ ಬರೆಯಬೇಕು. "ಫೋಟೋ 3" ಎಂದರೆ ಏನೂ ಹೇಳಿದಂತಾಗಲಿಲ್ಲ. "ಕಾಫಿ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ, ಎಲೆ ತುಕ್ಕು ರೋಗದ ಲಕ್ಷಣ" ಎಂದರೆ ಕಣ್ಣಿಲ್ಲದ ಬೆಳೆಗಾರರೂ ಮಗನಿಗೆ ಔಷಧಿ ಹೊಡೆಯಲು ಹೇಳಬಹುದು.

3. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ 4.5ಕ್ಕೆ 1ರಷ್ಟಾದರೂ ಇರಬೇಕು. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ತಿಳಿಹಸಿರು ಅಂದವಾದರೂ ಓದಲು ಬಾರದು. ಬರಹವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟ ಕೆಡಬಾರದು.

4. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸವೂ ಆಗಬೇಕು. ಒತ್ತುವ ಗುಂಡಿಗಳು ತೀರ ಚಿಕ್ಕದಾಗಿರಬಾರದು.

5. ಅರ್ಜಿಯ ಪ್ರತಿ ಖಾಲಿ ಜಾಗಕ್ಕೂ ಹೆಸರಿನ ಗುರುತು ಇರಬೇಕು. ಭರ್ತಿ ಮಾಡಲು ಅವಧಿ ಇಟ್ಟಿದ್ದರೆ ಅದನ್ನು ಮುಂದುವರಿಸಿಕೊಳ್ಳಲು ಅವಕಾಶ ಕೊಡಬೇಕು.

6. ವಿಡಿಯೋಗಳಲ್ಲಿ ಮಾತನ್ನು ಬರಹದಲ್ಲಿಯೂ ತೋರಿಸಬೇಕು.

ಒಂದು ಎಚ್ಚರಿಕೆ

ಒಂದು ಗುಂಡಿ ಸೇರಿಸಿದರೆ ಸಾಕು, ಜಾಲತಾಣ ತಾನಾಗಿ ಕಾನೂನಿಗೆ ಸರಿಹೊಂದುತ್ತದೆ ಎಂದು ಹೇಳಿ ಮಾರುವವರು ಇದ್ದಾರೆ. ಇಂಥ ಭರವಸೆ ಕೊಟ್ಟ ಒಂದು ಕಂಪನಿಯು 10 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ವಾಣಿಜ್ಯ ಆಯೋಗ 2025ರಲ್ಲಿ ಆದೇಶ ಮಾಡಿತು. ಕೊಳೆರೋಗ ಬಂದ ಮೇಲೆ ಒಂದೇ ಡಬ್ಬಿಯಲ್ಲಿ ವಾಸಿ ಮಾಡುತ್ತೇವೆಂದು ಬರುವವರನ್ನು ನಾವು ನೋಡಿಲ್ಲವೇ? ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆದವರ ತೋಟವೇ ಉಳಿಯುವುದು. ಜಾಲತಾಣವನ್ನೂ ಕಟ್ಟುವಾಗಲೇ ಸರಿಯಾಗಿ ಕಟ್ಟಿದರೆ ಖರ್ಚು ಕಡಿಮೆ, ಆಮೇಲೆ ಒಡೆದು ಕಟ್ಟುವುದು ಕಷ್ಟ.

ಪರೀಕ್ಷಿಸುವ ಕ್ರಮ ಸುಲಭ. ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯಿಂದ ಪುಟದಲ್ಲಿ ಓಡಾಡಿ ನೋಡಿ. ನಂತರ ಮೊಬೈಲಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ಇಂದಿನ ದರ ಎಷ್ಟೆಂದು ತಿಳಿಯಲು ಪ್ರಯತ್ನಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನಿತ್ಯ ಹಾಗೆಯೇ ಬಳಸುವವರನ್ನು ಕೂರಿಸಿಕೊಂಡು ಕೇಳಿ. ನಾವು ಮೊದಲು ಹೇಳಿದ ಹಿರಿಯರನ್ನೇ ಕರೆದು ತೋರಿಸಿದೆವು. ಅರ್ಧ ಗಂಟೆಯಲ್ಲಿ ಅವರು ಒಂಬತ್ತು ತಪ್ಪು ಹಿಡಿದುಕೊಟ್ಟರು. ಏಳನ್ನು ತಿದ್ದಿದ್ದೇವೆ. ಸಾಲದ ಅರ್ಜಿಯ ಎರಡು ಪುಟ ಇನ್ನೂ ಬಾಕಿ ಇವೆ. ದರಪಟ್ಟಿ ಈಗ ಬರಹದಲ್ಲಿಯೇ ಪ್ರಕಟವಾಗುತ್ತಿದೆ, ಅವರು ಪ್ರತಿದಿನ ಕೇಳುತ್ತಿದ್ದಾರೆ.

ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ನಮ್ಮ ಜಾಲತಾಣವನ್ನು ಬಳಸಲಾಗದ ಸದಸ್ಯರಿದ್ದರೆ, ಎಲ್ಲಿ ತೊಡಕಾಯಿತು ಎಂಬುದನ್ನು ಸಂಘದ ಕಚೇರಿಗೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಕಾರ್ಯದರ್ಶಿ