ಓಟವನ್ನು ನಿಲ್ಲಿಸುವ ಬಲ

ಎತ್ತು ಎಳೆಯದೆ ಬಂಡಿ ನಡೆಯದು; ಎಳೆತ ತೀರಿದರೆ ಓಟವೂ ತೀರಿತೆಂದು ನಮ್ಮ ತಂದೆಯವರ ಎಣಿಕೆ. ಓಟ ತಾನಾಗಿ ತೀರದು, ತಡೆಯುವ ಬಲವೊಂದು ಬೇಕು ಎನ್ನುತ್ತದೆ ನ್ಯೂಟನ್ನನ ಮೊದಲ ನಿಯಮ. ಕಲಾ ವಿದ್ಯಾರ್ಥಿಯಾದ ನನಗೆ ಇದು ಮನದಟ್ಟಾದದ್ದು ಚಳ್ಳಕೆರೆ ಬಳಿಯ ರನ್‌ವೇಯಿಂದ.

2024ನೆಯ ಜೂನ್ 23ರಂದು ಇಸ್ರೋದ ‘ಪುಷ್ಪಕ’ವನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಕೈಬಿಟ್ಟಿತು. ಎಂಜಿನಿನ ನೂಕಿಲ್ಲದೆ ತೇಲಿಬಂದು ನೆಲ ಮುಟ್ಟಿದಾಗಲೂ ಅದರ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು! ಹಿಂದೆ ಬಿಚ್ಚಿಕೊಂಡ ಪ್ಯಾರಾಚೂಟು ಅದನ್ನು ಸುಮಾರು 100ಕ್ಕೆ ಇಳಿಸಿತು. ಆಮೇಲೆ ಚಕ್ರದ ಬ್ರೇಕು.

ಪ್ಯಾರಾಚೂಟೊಂದೇ ಏಕೆ ಸಾಲದು? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತಿರುತ್ತದೆ. ವೇಗ ಮೂರರಲ್ಲೊಂದಾದರೆ ತಡೆ ಒಂಬತ್ತರಲ್ಲೊಂದೇ. ಬ್ರೇಕಿನ ಹಿಡಿತವಾದರೋ ಚಕ್ರದ ಮೇಲಿನ ಭಾರವನ್ನು ನೆಚ್ಚಿದೆ. ವೇಗ ತಗ್ಗಿ ರೆಕ್ಕೆಗಳ ಆಸರೆ ಕುಗ್ಗಿದಷ್ಟೂ ಆ ಭಾರ ಹೆಚ್ಚುತ್ತದೆ.