ವಿಕಿಪೀಡಿಯದ ವೈದ್ಯಕೀಯ ಲೇಖನಗಳು ಮತ್ತು ನಮ್ಮ ಸೇವೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರ ಬಳಿಗೆ ಹೊರಡುವ ಮುನ್ನವೇ ಮೊಬೈಲಿನಲ್ಲಿ ರೋಗದ ಹೆಸರನ್ನು ಹುಡುಕುವುದು ಇಂದು ರೂಢಿಯಾಗಿದೆ. ಹಾಗೆ ಹುಡುಕಿದಾಗ ಮೊದಲು ಎದುರಾಗುವ ಪುಟಗಳಲ್ಲಿ ಉಚಿತ ವಿಶ್ವಕೋಶವಾದ ವಿಕಿಪೀಡಿಯದ ಪುಟವೂ ಒಂದು. 2001ರಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ಈ ಕೋಶವು 2003ರಿಂದ ಕನ್ನಡದಲ್ಲಿಯೂ ಇದೆ. ಇದನ್ನು ಬರೆಯುವವರು ಸ್ವಯಂಸೇವಕರು. ಇದೂ ಒಂದು ಬಗೆಯ ದಾಸೋಹವೇ. ಬಡಿಸಿದವರಾರೆಂದು ಉಂಡವರಿಗೆ ತಿಳಿಯದು.

ಆದರೆ ಅನ್ನದಲ್ಲಿ ಕಲ್ಲು ಸಿಕ್ಕರೆ ಹಲ್ಲಿಗಷ್ಟೇ ನೋವು. ಚಿಕಿತ್ಸೆಯ ಮಾತು ತಪ್ಪಾದರೆ ಜೀವಕ್ಕೇ ಕುತ್ತು. ಹಾವು ಕಚ್ಚಿದ ಗಾಯವನ್ನು ಕೊಯ್ದು ರಕ್ತ ಹೀರಬೇಕೆಂಬ ಹಳೆಯ ನಂಬಿಕೆಯನ್ನು ಯಾರಾದರೂ ಅಲ್ಲಿ ಬರೆದಿಟ್ಟರೆ, ಓದಿದ ಮನೆಯವರು ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತನ್ನು ಅದರಲ್ಲಿಯೇ ಕಳೆಯುತ್ತಾರೆ. ಕಟ್ಟುಹಾವು ಕಚ್ಚಿದಾಗ ನೋವಾಗಲಿ ಬಾವಾಗಲಿ ಹೆಚ್ಚು ಕಾಣದಿರಬಹುದು, ಆದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂಬ ಒಂದೇ ವಾಕ್ಯವು ಅಲ್ಲಿದ್ದರೆ ಎಷ್ಟು ಉಪಕಾರ!

ಹೊರದೇಶಗಳಲ್ಲಿ ವೈದ್ಯರು ಈ ಕಾರ್ಯಕ್ಕೆ ಇಳಿದು ಬಹುಕಾಲವಾಯಿತು. ಕೆನಡಾದ ತುರ್ತುಚಿಕಿತ್ಸಾ ವೈದ್ಯರಾದ ಜೇಮ್ಸ್ ಹೈಲ್ಮನ್ ಅವರು ಇಂತಹ ಲೇಖನಗಳ ತಿದ್ದುಪಡಿಗಾಗಿ ವರ್ಷಗಳ ಕಾಲ ಶ್ರಮಿಸಿದವರು. ಅವರೂ ಸಂಗಡಿಗರೂ ಬೆಳೆಸಿದ ಡೆಂಗ್ಯೂ ಜ್ವರದ ಲೇಖನವು 2014ರಲ್ಲಿ ತಜ್ಞರ ಪರಿಶೀಲನೆಗೆ ಒಳಪಟ್ಟು ‘ಓಪನ್ ಮೆಡಿಸಿನ್’ ಎಂಬ ವೈದ್ಯಪತ್ರಿಕೆಯಲ್ಲಿಯೂ ಪ್ರಕಟವಾಯಿತು.

ಇನ್ನು ನಮ್ಮ ಆಯುರ್ವೇದದ ವಿಚಾರ. ಇಂಗ್ಲಿಷ್ ವಿಕಿಪೀಡಿಯವು ಆಯುರ್ವೇದವನ್ನು ಹುಸಿವಿಜ್ಞಾನವೆಂದು ಕರೆದಿದೆ. ಈ ವೃತ್ತಿಯಲ್ಲಿ ಬಾಳು ಸವೆಸಿದ ನಮ್ಮಂಥವರಿಗೆ ಆ ಪದ ಚುಚ್ಚುವುದು ಸಹಜ. ಔಷಧ ತಯಾರಕರ ಸಂಘವೊಂದು ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿ, ಲೇಖನವನ್ನು ನೀವೇ ತಿದ್ದಬಹುದಲ್ಲವೇ ಎಂಬರ್ಥದ ಮಾತನ್ನಾಡಿತು. ತಿದ್ದಬಹುದು ನಿಜ, ಆದರೆ ಪದವನ್ನು ಅಳಿಸಿದ ಮಾತ್ರಕ್ಕೆ ಅದು ಅಳಿಯದು, ಮರುಗಳಿಗೆಯಲ್ಲಿಯೇ ಯಾರೋ ಮರಳಿ ಬರೆಯುತ್ತಾರೆ. ಅಲ್ಲಿ ನಿಲ್ಲುವುದು ಆಧಾರವಿರುವ ಮಾತು ಮಾತ್ರ. ಬಿಡಿಬಿಡಿ ಪ್ರಯೋಗಗಳಿಗಿಂತ ಅನೇಕ ಅಧ್ಯಯನಗಳನ್ನು ತೂಗಿನೋಡಿದ ಸಮೀಕ್ಷೆಗಳಿಗೆ ಅಲ್ಲಿ ಮನ್ನಣೆ. ‘ನಮ್ಮ ಕಷಾಯದಿಂದ ಇಂಥವರು ಗುಣವಾದರು’ ಎಂಬುದು ಅಲ್ಲಿ ಸಲ್ಲದು. ಈ ನಿಯಮ ಕಠಿಣವಾದರೂ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಸಿಟ್ಟಿನಿಂದ ಪುಟ ಕೆಡಿಸುವುದಕ್ಕಿಂತ ಒಳ್ಳೆಯ ಸಂಶೋಧನೆ ನಡೆಸುವುದೇ ಆಯುರ್ವೇದಕ್ಕೆ ಮಾಡುವ ಸೇವೆ.

ಕನ್ನಡದಲ್ಲಿ ಮಾಡಬೇಕಾದುದು ಬಹಳವಿದೆ. ಭಕ್ತರಲ್ಲಿ ವೈದ್ಯರು, ದಾದಿಯರು, ನಿವೃತ್ತ ಶಿಕ್ಷಕರು ಹಲವರಿದ್ದೀರಿ. ಖಾತೆ ತೆರೆದು, ‘ಸಂಪಾದಿಸಿ’ ಎಂಬುದನ್ನು ಒತ್ತಿ, ಮೊದಲು ಕಾಗುಣಿತದ ತಪ್ಪೊಂದನ್ನು ಸರಿಪಡಿಸಿರಿ. ಬಳಿಕ ಆಧಾರಸಹಿತ ವಾಕ್ಯವೊಂದನ್ನು ಸೇರಿಸಿರಿ. ಔಷಧದ ಪ್ರಮಾಣವನ್ನು ಬರೆಯಬಾರದು. ಅದು ರೋಗಿಯನ್ನು ಕಂಡ ವೈದ್ಯರ ಹೊಣೆ. ‘ಮಧುಮೇಹ’ದ ಜೊತೆಗೆ ‘ಸಕ್ಕರೆ ಕಾಯಿಲೆ’ ಎಂಬ ಆಡುಮಾತನ್ನೂ ಕೊಡಿರಿ. ಹಳ್ಳಿಯ ತಾಯಂದಿರು ಹುಡುಕುವುದು ಆ ಹೆಸರಿನಿಂದಲೇ. ಕೈತಪ್ಪಿ ಏನಾದರೂ ಅಳಿಸಿಹೋದೀತೆಂಬ ಅಂಜಿಕೆ ಬೇಡ. ಪ್ರತಿಯೊಂದು ಬದಲಾವಣೆಯೂ ‘ಇತಿಹಾಸ’ದ ಪುಟದಲ್ಲಿ ಉಳಿದಿರುತ್ತದೆ, ಹಿಂದಿನ ರೂಪವನ್ನು ಯಾರು ಬೇಕಾದರೂ ಮರಳಿ ತರಬಹುದು.