ಬೆಲೆ ಎಷ್ಟು, ಬಾಳಿಕೆ ಎಷ್ಟು?

ಮನೆಬಳಕೆಯ ವಸ್ತುಗಳ ಆಯ್ಕೆ ಮತ್ತು ದುರಸ್ತಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಅನುಭವಿ ತಂತ್ರಜ್ಞರು ಇಲ್ಲಿ ಉತ್ತರಿಸಿದ್ದಾರೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವರ ಅನುಮಾನ ಒಂದೇ: ದುಡ್ಡು ಜಾಸ್ತಿ ಕೊಟ್ಟರೆ ವಸ್ತು ನಿಜಕ್ಕೂ ಜಾಸ್ತಿ ದಿನ ಬರುತ್ತದೆಯೇ?

ಪ್ರಶ್ನೆ: ನಮ್ಮದು ಆರು ಜನರ ಮನೆ. ದಿನಾ ಚಟ್ನಿ, ಸಾರಿನ ಮಸಾಲೆ, ದಿನ ಬಿಟ್ಟು ದಿನ ದೋಸೆಹಿಟ್ಟು, ಎಲ್ಲವೂ ಮಿಕ್ಸಿಯಲ್ಲೇ. ಎರಡು ಸಾವಿರ ಚಿಲ್ಲರೆಯ ಮಿಕ್ಸಿ ಎರಡು ವರ್ಷವೂ ತಾಳುವುದಿಲ್ಲ, ಸುಟ್ಟ ವಾಸನೆ ಬಂದು ನಿಂತುಬಿಡುತ್ತದೆ. ಅಂಗಡಿಯವರು ಏಳು ಸಾವಿರದ್ದು ತೋರಿಸುತ್ತಿದ್ದಾರೆ. ಅಷ್ಟು ಕೊಡಬಹುದೇ?
— ಗೃಹಿಣಿ, ಸಾಗರ

ಉತ್ತರ: ಏಳು ಸಾವಿರ ಕೊಡುವ ಮೊದಲು ನಿಮ್ಮ ಮಿಕ್ಸಿ ಏಕೆ ಸುಡುತ್ತದೆ ಎಂದು ನೋಡೋಣ. ಮಿಕ್ಸಿಯ ಮೋಟರು ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಅದನ್ನು ಮಾಡಿರುವುದು ಸ್ವಲ್ಪ ಹೊತ್ತು ಜೋರಾಗಿ ಓಡಿ ನಿಲ್ಲುವುದಕ್ಕೆ. ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡುವು ಕೊಡಿ ಎಂದು ಹಲವು ಮಿಕ್ಸಿಗಳ ಕೈಪಿಡಿಯಲ್ಲಿ ಬರೆದೇ ಇರುತ್ತದೆ. ಆರು ಜನಕ್ಕೆ ಆಗುವಷ್ಟು ಉದ್ದು, ಅಕ್ಕಿಯನ್ನು ಜಾರು ತುಂಬ ಹಾಕಿ ಎಡೆಬಿಡದೆ ತಿರುಗಿಸಿದರೆ ಯಾವ ಬೆಲೆಯ ಮೋಟರಾದರೂ ಕಾಯುತ್ತದೆ. ನಿಮ್ಮ ಮನೆಗೆ ಹೊಂದುವುದು ಹಿಟ್ಟಿಗೆ ಒಂದು ವೆಟ್ ಗ್ರೈಂಡರ್, ಚಟ್ನಿ ಮಸಾಲೆಗೆ ಒಂದು ಸಾಧಾರಣ ಮಿಕ್ಸಿ. ಗ್ರೈಂಡರಿನ ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟೂ ಬಿಸಿಯಾಗದು, ಮೋಟರೂ ದಣಿಯದು. ಭೌಗೋಳಿಕ ಗುರುತು (ಜಿಐ) ಪಡೆದ ಕೊಯಮತ್ತೂರಿನ ಗ್ರೈಂಡರುಗಳಲ್ಲಿ ಮೊದಲು ಸವೆಯುವುದು ಬೆಲ್ಟು, ಅದನ್ನು ಬದಲಿಸಬಹುದು. ಕಲ್ಲು ನುಣುಪಾದರೆ ಕುಟ್ಟಿಸಬಹುದು. ಇಂಥದ್ದಕ್ಕೆ ಹೆಚ್ಚು ಹಣ ಹಾಕಿ, ಧೈರ್ಯವಾಗಿ ಹಾಕಿ.

ಇನ್ನು ಮಿಕ್ಸಿ. ಕೇಳಬೇಕಾದ ಮೊದಲ ಮಾತು ವೈಂಡಿಂಗ್ ತಾಮ್ರದ್ದೇ, ಅಲ್ಯೂಮಿನಿಯಮ್ಮಿನದೇ ಎಂಬುದು. ಒಂದೇ ದಪ್ಪದ ತಂತಿಯಾದರೆ ಅಲ್ಯೂಮಿನಿಯಮ್ಮಿನಲ್ಲಿ ವಿದ್ಯುತ್ತಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಪ್ರತಿರೋಧ, ಅಷ್ಟೂ ಶಾಖವಾಗುತ್ತದೆ. ಸುಟ್ಟ ಮೇಲೆ ಅದನ್ನು ರೀವೈಂಡ್ ಮಾಡಲು ರಿಪೇರಿಯವರು ಸುಲಭಕ್ಕೆ ಒಪ್ಪುವುದಿಲ್ಲ. ತಾಮ್ರದ್ದಾದರೆ ಮಾಡಿಕೊಡುತ್ತಾರೆ. ವ್ಯಾಟಿನ ಸಂಖ್ಯೆಗೆ ಮರುಳಾಗಬೇಡಿ. ಹಿಟ್ಟು ಗ್ರೈಂಡರಿಗೆ ಹೋದ ಮೇಲೆ ಚಟ್ನಿಗೆ 500 ವ್ಯಾಟ್ ಸಾಕು.

ನನ್ನ ಅಂಗಡಿಗೆ ಬರುವ ಕೆಟ್ಟ ಮಿಕ್ಸಿಗಳಲ್ಲಿ ಎಷ್ಟೋ ಸಲ ತಪ್ಪು ಮೋಟರಿನದಲ್ಲ, ಜಾರಿನದು. ಜಾರಿನ ತಳದ ಬುಷ್ ಸವೆದು, ಬ್ಲೇಡಿನ ಕಂಬಿಯ ಸುತ್ತ ನೀರು ಒಸರಿ, ಕಪ್ಲರ್ ಮೂಲಕ ಕೆಳಗಿಳಿದು ಮೋಟರಿನ ಬೇರಿಂಗ್ ತಿನ್ನುತ್ತದೆ. ಜಾರಿನ ಕೆಳಗೆ ಕಪ್ಪು ತೇವ ಕಂಡ ದಿನವೇ ಬುಷ್ ಹಾಕಿಸಿದರೆ ಖರ್ಚು ಅಲ್ಪ, ಬಿಟ್ಟರೆ ಮೋಟರೇ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹೀಗೆ ಕೇಳಿ: ‘ಈ ಮಾಡೆಲಿನ ಕಪ್ಲರ್, ಕಾರ್ಬನ್ ಬ್ರಷ್, ಜಾರಿನ ಬುಷ್ ನಮ್ಮ ಊರಲ್ಲೇ ಸಿಗುತ್ತವೆಯೇ?’ ಸಿಗುತ್ತವೆ ಎಂದರೆ ನಾಲ್ಕು ಸಾವಿರದ ಮಿಕ್ಸಿಯೂ ಒಳ್ಳೆಯದೇ. ಬೆಂಗಳೂರಿನಿಂದ ತರಿಸಬೇಕು ಎಂದರೆ ಏಳು ಸಾವಿರದ್ದೂ ಬೇಡ.

ಪ್ರಶ್ನೆ: ಮನೆಯಲ್ಲೇ ರವಿಕೆ ಹೊಲಿದು ನಾಲ್ಕು ಕಾಸು ಸಂಪಾದಿಸಬೇಕೆಂದಿದ್ದೇನೆ. ಕೂಡಿಟ್ಟಿರುವುದು ಹನ್ನೆರಡು ಸಾವಿರ. ಪೇಟೆಯಲ್ಲಿ ಹಗುರವಾದ, ಹಲವು ಬಗೆ ಹೊಲಿಗೆ ಹಾಕುವ ಹೊಸ ಮಷಿನ್ ತೋರಿಸಿದರು. ಪಕ್ಕದ ಮನೆಯ ಅಜ್ಜಿ ತಮ್ಮ ಹಳೇ ಕಪ್ಪು ಮಷಿನ್ನನ್ನು ಸ್ಟ್ಯಾಂಡ್ ಸಮೇತ ಐದು ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಾರೆ. ಬಾಳಿಕೆಯ ವಸ್ತು ಎಂದರೆ ದುಬಾರಿ, ಅದು ನಮ್ಮಂಥವರಿಗಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ, ನಿಜವೇ?
— ಗದಗ ಜಿಲ್ಲೆಯ ಓದುಗರು

ಉತ್ತರ: ನಿಜವಲ್ಲ ತಂಗಿ. ನಿಮ್ಮ ಪಕ್ಕದ ಮನೆಯಲ್ಲೇ ಅದಕ್ಕೆ ಉತ್ತರ ಇದೆ. ಹೊಸದಾಗಿ ಕೊಳ್ಳುವಾಗ ಬಾಳಿಕೆಯ ವಸ್ತುವಿಗೆ ಬೆಲೆ ಹೆಚ್ಚು, ಆದರೆ ಅದು ಒಬ್ಬರ ಕೈಯಲ್ಲಿ ಮುಗಿದುಹೋಗುವುದಿಲ್ಲವಾದ್ದರಿಂದ ಎರಡನೆಯವರಿಗೆ ಅಗ್ಗಕ್ಕೆ ಸಿಗುತ್ತದೆ. ಅಗ್ಗದ ಸಾಮಾನಿಗೆ ಆ ಎರಡನೇ ಜನ್ಮ ಇಲ್ಲ.

ಬೀಡಿನ ಕಬ್ಬಿಣದಲ್ಲಿ ಎರಕ ಹೊಯ್ದ ಆ ಮಷಿನ್ನಿನ ದೇಹ ಸವೆಯುವಂಥದ್ದಲ್ಲ. ಸವೆಯುವುದು ಶಟಲ್, ಬಾಬಿನ್ ಕೇಸ್, ಹಲ್ಲು, ಬೆಲ್ಟು. ಈ ಬಗೆಯ ಮಷಿನ್‌ಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮಾಡಿದ್ದರಿಂದ ಇವೆಲ್ಲ ಪ್ರತಿ ಪೇಟೆಯಲ್ಲೂ ಸಿಗುತ್ತವೆ. ಹೋಗಿ ನೋಡುವಾಗ ಮೊದಲು ಕೈಚಕ್ರವನ್ನು ನಿಧಾನ ತಿರುಗಿಸಿ, ಎಲ್ಲೂ ಕಚ್ಚಬಾರದು. ಸೂಜಿ ಹಿಡಿಯುವ ಕಂಬಿಯನ್ನು ಅತ್ತಿತ್ತ ಅಲುಗಿಸಿ, ಅದು ಲಟಲಟ ಎನ್ನಬಾರದು. ಎರಡು ಪದರ ಬಟ್ಟೆ ಹೊಲಿದು ತಿರುವಿ ನೋಡಿ, ಮೇಲಿನ ಹೊಲಿಗೆಯೂ ಕೆಳಗಿನ ಹೊಲಿಗೆಯೂ ಒಂದೇ ಸಮ ಬಂದಿರಬೇಕು. ಇಷ್ಟು ಸರಿಯಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಮುಂದೆ ಕೆಲಸ ಹೆಚ್ಚಿದಾಗ ಅದಕ್ಕೇ ಮೋಟರು ಕೂರಿಸಬಹುದು. ಆ ಮಷಿನ್ ನೇರ ಹೊಲಿಗೆ ಮಾತ್ರ ಹಾಕುತ್ತದೆ, ಸೀರೆಯ ಪಿಕೋ ಕೆಲಸ ಅದರಲ್ಲಿ ಆಗದು. ಅದಕ್ಕೆ ಸಂಪಾದನೆ ಕೈಗೆ ಹತ್ತಿದ ಮೇಲೆ ಬೇರೆ ಮಷಿನ್ ನೋಡಿಕೊಳ್ಳಿ.

ಉಳಿದ ಹಣದಲ್ಲಿ ಒಂದು ಒಳ್ಳೆಯ ಕತ್ತರಿ ತಗೊಳ್ಳಿ. ಉತ್ತರ ಪ್ರದೇಶದ ಮೀರತ್‌ನಲ್ಲಿ ಹಳೇ ವಾಹನಗಳ ಗುಜರಿ ಉಕ್ಕನ್ನು ಕಾಯಿಸಿ ಬಡಿದು ಮಾಡುವ ಕತ್ತರಿಗಳಿಗೂ ಭೌಗೋಳಿಕ ಗುರುತು ಇದೆ. ತಾತ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂಬುದು ಆ ಊರಿನವರ ಮಾತು. ಮೊಂಡಾದರೆ ಸಾಣೆ ಹಿಡಿಸಬಹುದು, ತಿರುಪು ಸಡಿಲವಾದರೆ ಬಿಗಿ ಮಾಡಬಹುದು. ಪ್ಲಾಸ್ಟಿಕ್ ಹಿಡಿಯ ಅಗ್ಗದ ಕತ್ತರಿಯಲ್ಲಿ ಇವೆರಡೂ ಕಷ್ಟ.

ಪ್ರಶ್ನೆ: ಬಿಎಲ್‌ಡಿಸಿ ಫ್ಯಾನ್ ಬೆಲೆ ಸಾದಾ ಫ್ಯಾನಿನ ಎರಡು ಪಟ್ಟು. ನಮಗೆ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆ, ಬಿಲ್ಲೇ ಬರುವುದಿಲ್ಲ. ಹಾಗಿದ್ದ ಮೇಲೆ ಇದಕ್ಕೇಕೆ ಹಣ ಹಾಕಬೇಕು?
— ನಿವೃತ್ತ ಶಿಕ್ಷಕರು, ರಾಯಚೂರು

ಉತ್ತರ: ಮೇಷ್ಟ್ರೇ, ಲೆಕ್ಕ ಮಾಡೋಣ. ಸಾದಾ ಫ್ಯಾನಿಗೆ ಸುಮಾರು 75 ವ್ಯಾಟ್, ಬಿಎಲ್‌ಡಿಸಿಗೆ ಸುಮಾರು 30. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಒಂದು ಫ್ಯಾನಿನಲ್ಲಿ 16 ಯೂನಿಟ್ ಉಳಿತಾಯ, ಮೂರು ಫ್ಯಾನಿಗೆ 48. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ರಾಯಚೂರಿನ ಬೇಸಿಗೆಯಲ್ಲಿ ಹಗಲು ರಾತ್ರಿ ಫ್ಯಾನು, ಜೊತೆಗೆ ಕೂಲರ್ ಓಡುವ ಮನೆಗೆ ಆ ಗೆರೆ ದೂರವೇನಲ್ಲ. ನಿಮ್ಮ ಏಪ್ರಿಲ್, ಮೇ ತಿಂಗಳ ಬಿಲ್ಲು ತೆಗೆದು ನೋಡಿ. ಬಳಕೆ 120 ಯೂನಿಟ್ಟಿನ ಆಸುಪಾಸಿನಲ್ಲಿದ್ದು ಯೋಜನೆಯಲ್ಲಿ ನಿಮಗೆ ಗೊತ್ತುಮಾಡಿದ ಉಚಿತ ಮಿತಿಯೊಳಗೇ ಇದ್ದರೆ ಈಗಿನ ಫ್ಯಾನುಗಳನ್ನು ಬದಲಿಸಲೇಬೇಡಿ. ನಿಧಾನವಾದ ಫ್ಯಾನಿಗೆ ಹೊಸ ಕೆಪ್ಯಾಸಿಟರ್ ಹಾಕಿಸಿದರೆ ಬಹಳ ಸಲ ಮೊದಲಿನಂತೆ ಓಡುತ್ತದೆ. 180, 190ಕ್ಕೆ ಮುಟ್ಟುತ್ತಿದ್ದರೆ ಅತಿ ಹೆಚ್ಚು ಓಡುವ ಕೋಣೆಗೆ ಒಂದು ಬಿಎಲ್‌ಡಿಸಿ ಹಾಕಿಸಿ.

ಹಾಕಿಸುವಾಗ ಎರಡು ಎಚ್ಚರಿಕೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯ, ಅದಿಲ್ಲದ್ದು ಬೇಡ. ಎರಡನೆಯದಾಗಿ, ಈ ಫ್ಯಾನುಗಳಲ್ಲಿ ಕೈಕೊಡುವುದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡು. ಅದು ಬಿಡಿಯಾಗಿ ಸಿಗುತ್ತದೆಯೇ, ವಾರಂಟಿ ಅದಕ್ಕೂ ಇದೆಯೇ ಎಂದು ಕೇಳದೆ ಹಣ ಕೊಡಬೇಡಿ.

ಪ್ರಶ್ನೆ: ನಾನ್‌ಸ್ಟಿಕ್ ಕಾವಲಿ ಎರಡು ವರ್ಷಕ್ಕೊಮ್ಮೆ ಎಸೆಯುತ್ತಿದ್ದೇನೆ. ಬೀಡಿನ ಕಾವಲಿ ತಂದರೆ ದೋಸೆ ಏಳುವುದೇ ಇಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಪಳಗಿಸದ ಕಾವಲಿಯಲ್ಲಿ ಏಳುವುದಿಲ್ಲ. ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಸಣ್ಣಗೆ ಹೊಗೆಯಾಡುವವರೆಗೆ ಕಾಯಿಸಿ ಆರಿಸಿ. ಹೀಗೆ ಕೆಲವು ದಿನ ಮಾಡಿ, ಮೊದಲ ದೋಸೆಗಳಿಗೆ ಎಣ್ಣೆ ಧಾರಾಳವಾಗಿರಲಿ. ಕಾದ ಎಣ್ಣೆ ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ, ಅದೇ ಅದರ ನಾನ್‌ಸ್ಟಿಕ್. ಹುಣಸೆ, ಟೊಮೆಟೊ ಹುಳಿಯಿಂದ ಆ ಪದರ ಹೋಗುತ್ತದೆ, ಹೋದರೆ ಮತ್ತೆ ಪಳಗಿಸಿದರಾಯಿತು. ಕಾದ ಕಾವಲಿಗೆ ಒಮ್ಮೆಗೇ ತಣ್ಣೀರು ಸುರಿಯಬೇಡಿ, ಬೀಡು ಸೀಳುತ್ತದೆ. ನಾನ್‌ಸ್ಟಿಕ್ಕಿನ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕೆಡತೊಡಗುತ್ತದೆ. ದೊಡ್ಡ ಉರಿಯ ಮೇಲೆ ಖಾಲಿ ಕಾವಲಿ ಅಷ್ಟು ಕಾಯಲು ಹೆಚ್ಚು ಹೊತ್ತು ಬೇಡ. ಲೇಪನ ಹೋದ ಮೇಲೆ ಅದನ್ನು ಮನೆಯಲ್ಲಿ ಸರಿಮಾಡುವ ದಾರಿಯಿಲ್ಲ.

ಪ್ರಶ್ನೆ: ಸಮುದ್ರಕ್ಕೆ ಹತ್ತಿರ ಹೊಸ ಮನೆ. ಆನ್‌ಲೈನಿನಲ್ಲಿ ತರಿಸಿದ ಬೀರು ಒಂದೇ ಮಳೆಗಾಲಕ್ಕೆ ಕೆಳಗಿನಿಂದ ಉಬ್ಬಿ, ಬಾಗಿಲು ಕಳಚಿ ಬಿತ್ತು. ಮರದ್ದು ಮಾಡಿಸೋಣವೆಂದರೆ ಮೂರು ಪಟ್ಟು ಖರ್ಚು.
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ನಿಮಗೆ ಬಂದದ್ದು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ ಅದು. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೂ ಅಲ್ಲಿಂದ ನೀರು ಕುಡಿಯುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿ ಹಿಡಿಯುವುದಿಲ್ಲ. ಕರಾವಳಿಯ ಮನೆಗೆ ಇಂಥದ್ದನ್ನು ಮಾರುವುದೇ ಅನ್ಯಾಯ ಎಂದು ನನ್ನ ಭಾವನೆ.

ಅಡುಗೆಮನೆ, ಬಚ್ಚಲಿನ ಪಕ್ಕದ ಗೋಡೆಗೆ ತಾಗುವ ಬೀರುಗಳಿಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಾಕಿಸಿ. ಅದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆ ದಾಟಿರಬೇಕೆಂಬುದು ಆ ಮಾನದಂಡದ ನಿಯಮ. ಹಲಗೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಗಟ್ಟಿಮರವೇ ಬೇಕೆಂದರೆ ಸಾಗವಾನಿಗೇ ಜೋತುಬೀಳಬೇಕಿಲ್ಲ, ಚೆನ್ನಾಗಿ ಒಣಗಿಸಿದ ಹಲಸು ನಿಮ್ಮ ಸೀಮೆಯ ಹವೆಗೆ ಪಳಗಿದ ಮರ. ಕೆಡವಿದ ಹಳೇ ಮನೆಗಳ ಮರ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಒಣಗಿ ಆಡುವಷ್ಟು ಆಡಿ ನಿಂತಿರುತ್ತದೆ. ಹತ್ತಿರದಲ್ಲೇ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆಯಲ್ಲ, ಒಮ್ಮೆ ಹೋಗಿ ಬನ್ನಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳಲ್ಲಿ ಕೆಡವಲಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಬಿಚ್ಚಿ ಜೋಡಿಸಲು ಬರುವಂತೆ ಕೂಡಿಸಿದ್ದ ಮರಗೆಲಸವಾದ್ದರಿಂದ ಅದು ಸಾಧ್ಯವಾಯಿತು. ನಿಮ್ಮ ಬಡಗಿಗೆ ಆ ಕೀಲು, ಆ ಬೆಣೆ ತೋರಿಸಿ, ಅಂಥ ಜೋಡಣೆ ಕೇಳಿ. ಮೂರು ಪಟ್ಟು ಖರ್ಚು ಒಟ್ಟಿಗೇ ಬೇಡ, ಈ ವರ್ಷ ಒಂದು ಬೀರು ಮಾಡಿಸಿ, ಉಳಿದ ಬಟ್ಟೆಗೆ ಸದ್ಯಕ್ಕೆ ಹಳೇ ಟ್ರಂಕು ಸಾಕು.

ಪ್ರಶ್ನೆ: ಕೊಲ್ಹಾಪುರಿ ಚಪ್ಪಲಿಗೆ ಒಬ್ಬರು ನಾನೂರು ಹೇಳುತ್ತಾರೆ, ಇನ್ನೊಬ್ಬರು ಎರಡು ಸಾವಿರ. ವ್ಯತ್ಯಾಸ ಏನು?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅದರ ಭೌಗೋಳಿಕ ಗುರುತು 2019ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿ ಬಂದಿದೆ. ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು. ಅಥಣಿ, ನಿಪ್ಪಾಣಿ ಸೀಮೆಯ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿಯುತ್ತಾರೆ. ಚಪ್ಪಲಿಯ ಅಂಚು ನೋಡಿ. ತೊಗಲಿನ ಪದರ, ಹೊಲಿಗೆಯ ಸಾಲು ಕಣ್ಣಿಗೆ ಕಾಣಬೇಕು. ಅಂಟು ಬಳಿದು ರಟ್ಟು ತುಂಬಿದ್ದಾದರೆ ನಾನೂರಕ್ಕೂ ಬೇಡ. ಹೊಲಿದದ್ದಾದರೆ, ದಾರ ಬಿಟ್ಟಾಗ ಮೋಚಿ ಮತ್ತೆ ಹೊಲಿದುಕೊಡುತ್ತಾರೆ, ಅಟ್ಟೆ ಸವೆದರೆ ಹೊಸದು ಕೂರಿಸುತ್ತಾರೆ. ಮೊದಲ ವಾರ ಎಣ್ಣೆ ಹಚ್ಚಿ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಳ್ಳಿ. ಮಳೆಗಾಲಕ್ಕೆ ಮಾತ್ರ ಇದು ಅಲ್ಲ, ಆಗ ರಬ್ಬರಿನದು ಹಾಕಿ.

ಪ್ರಶ್ನೆ: ‘10 ವರ್ಷ ವಾರಂಟಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ದುಬಾರಿ ವಾಷಿಂಗ್ ಮಷಿನ್ ಕೊಂಡೆ. ಮೂರನೇ ವರ್ಷ ನಿಂತಿತು. ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ, ವಾರಂಟಿ ಮೋಟರಿಗೆ ಮಾತ್ರ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ತುಮಕೂರು

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಮೋಟರು ಅಪರೂಪಕ್ಕೆ ಕೆಡುವ ಭಾಗ, ಅದಕ್ಕೆ ಹತ್ತು ವರ್ಷ ಭರವಸೆ ಕೊಡುವುದು ಕಂಪನಿಗೆ ಭಾರವಲ್ಲ. ಬೋರ್ಡು, ನೀರು ಹೊರಹಾಕುವ ಪಂಪು, ಡ್ರಮ್ಮಿನ ಬೇರಿಂಗು ಕೆಡುವ ಭಾಗಗಳು. ಕೊಳ್ಳುವ ಮೊದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಈ ಮೂರರ ಬೆಲೆ ಕೇಳಬೇಕು. ಸರಿಯಾಗಿ ಹೇಳುವ ಕಂಪನಿಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಈಗ ಮಾಡಬೇಕಾದ್ದು: ಮೊದಲು ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರಿಗೆ ಬೋರ್ಡ್ ತೋರಿಸಿ. ಎಷ್ಟೋ ಸಲ ಹೋಗಿರುವುದು ಒಂದು ರಿಲೇ ಅಥವಾ ಕೆಪ್ಯಾಸಿಟರ್, ಇಡೀ ಬೋರ್ಡ್ ಬದಲಿಸಬೇಕಿಲ್ಲ. ಹೊಸ ಬೋರ್ಡೇ ಬೇಕೆಂದಾದರೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿದ ‘ರೈಟ್ ಟು ರಿಪೇರ್’ ಪೋರ್ಟಲಿನಲ್ಲಿ ನಿಮ್ಮ ಕಂಪನಿ ಇದೆಯೇ ನೋಡಿ. ಹಲವು ಕಂಪನಿಗಳ ಬಿಡಿಭಾಗ, ವಾರಂಟಿ, ಸರ್ವಿಸ್ ವಿವರ ಅಲ್ಲಿದೆ. ವಾರಂಟಿ ಮೋಟರಿಗೆ ಮಾತ್ರ ಎಂಬುದನ್ನು ಜಾಹೀರಾತಿನಲ್ಲಿ ಮುಚ್ಚಿಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಆದರೆ ತೊಂದರೆ ಶುರುವಾದ ಎರಡು ವರ್ಷದೊಳಗೆ ಹೋಗಬೇಕು.

ಇದಕ್ಕೆಲ್ಲ ಬಿಲ್ಲು ಬೇಕು. ಅಂಗಡಿಗಳು ಕೊಡುವ ನುಣುಪು ಕಾಗದದ ಬಿಲ್ಲು ಶಾಖಕ್ಕೆ ಮೂಡಿದ ಅಕ್ಷರದ್ದು, ಒಂದೆರಡು ವರ್ಷದಲ್ಲಿ ಬೆಳ್ಳಗಾಗಿಬಿಡುತ್ತದೆ. ನಿಮ್ಮದರಲ್ಲಿ ಇನ್ನೂ ಅಕ್ಷರ ಉಳಿದಿದ್ದರೆ ಇಂದೇ ಫೋಟೊ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ವಾರಂಟಿ ಕಾರ್ಡಿನ ಜೊತೆ ಇಡಿ. ಅಕ್ಷರ ಹೋಗಿದ್ದರೆ ಅಂಗಡಿಯವರ ಕಂಪ್ಯೂಟರಿನಲ್ಲಿ ನಿಮ್ಮ ಫೋನ್ ನಂಬರಿನ ಮೇಲೆ ಪ್ರತಿ ಸಿಗಬಹುದು, ಹೋಗಿ ಕೇಳಿ.